ಅಪ್ಪ ದಿಡ್ಡಿ ಬಾಗಿಲು ತೆಗೆಯದ ವರ್ಷ

ನಾನು ಹೇಳುತ್ತಿರುವುದು ಮೈಸೂರಿಗೆ ಮಹಾರಾಜರಿದ್ದ, ನಮ್ಮೂರಿಗೆ ಪಟೇಲರಿದ್ದ, ನಮ್ಮ ಮಕ್ಕಳ ಗುಂಪಿಗೆ ಭದ್ರನಿದ್ದ ದಿನಗಳ ಮಾತು. ಮೂವರಲ್ಲಿ ಮಹಾರಾಜರನ್ನು ನಾನು ಕಂಡವಳಲ್ಲ. ಅವರ ಮೇಲೆ ನನಗೆ ದೂರೂ ಇರಲಿಲ್ಲ. ಪಟೇಲರೆಂದರೆ ಹೆದರಿಕೆ. ಭದ್ರನೆಂದರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ನಮ್ಮೂರು ಮಧುಗಿರಿ ಸೀಮೆಯದು, ಪುರವರಕ್ಕೆ ಬೆಳಿಗ್ಗೆ ನಡೆದು ಹೋಗಿ ಸಂಜೆಗೆ ವಾಪಸು ಬರುವಷ್ಟು ದೂರ. ಊರಿನ ಬೆನ್ನಿಗೆ ಬಂಡೆಗುಡ್ಡ, ಗುಡ್ಡದ ಬುಡದಲ್ಲಿ ಒಂದು ಪುಟ್ಟ ಕೋಟೆ. ಕೋಟೆ ಅಂದರೆ ಮಧುಗಿರಿಯದರ ಹಾಗೆ ನೋಡಿದವರು ಬಾಯಿ ಬಿಡುವಂಥದ್ದೇನಲ್ಲ. ಎದೆಯುದ್ದದ ಕಲ್ಲಿನ ಮೇಲೆ ಮಣ್ಣಿನ ಗೋಡೆ, ಮೂಲೆಗೊಂದು ಕರಗಿದ ಬುರುಜು, ಮೂಡಲಿಗೆ ಮುಖ ಮಾಡಿದ ಒಂದು ದಿಡ್ಡಿ ಬಾಗಿಲು. ದೊಡ್ಡ ಬಾಗಿಲು ಯಾವತ್ತೋ ಮಣ್ಣುಪಾಲಾಗಿತ್ತು. ಪಡುವಲ ಗೋಡೆ ಎತ್ತಿನ ಗಾಡಿ ಹೋಗುವಷ್ಟು ಅಗಲಕ್ಕೆ ಕುಸಿದುಬಿದ್ದಿತ್ತು. ಆ ಕಂಡಿಯಲ್ಲಿ ಮೇಕೆಗಳು ಹೋಗಿ ಬಂದು ಮಾಡುತ್ತಿದ್ದವು. ನಾವೂ ಸೀತಾಫಲ ಕದಿಯಲು ಅಲ್ಲಿಂದಲೇ ನುಗ್ಗುತ್ತಿದ್ದೆವು. ಆದರೂ ಊರಿನವರು ದಿಡ್ಡಿ ಬಾಗಿಲಿಗೆ ವರ್ಷವರ್ಷ ಎಣ್ಣೆ ಹಚ್ಚಿ, ಅದರ ಅಗಳಿಯ ಮರಕ್ಕೆ ಹುಳ ಹಿಡಿದರೆ ಹೊಸದು ಕೆತ್ತಿಸಿ ಇಡುತ್ತಿದ್ದರು. ಗೋಡೆಯೇ ಇಲ್ಲದ ಕೋಟೆಗೆ ಬಾಗಿಲೇಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಕತೆ ಹೀಗಿತ್ತು. ಹಿಂದೆ ಈ ಕೋಟೆಯಲ್ಲಿ ಒಬ್ಬ ನಾಯಕನಿದ್ದ. ಸಿರಾದ ಕಡೆಯಿಂದ ದಂಡು ಬಂದು ಸುತ್ತ ಮುತ್ತಿಗೆ ಹಾಕಿತು. ನಾಯಕ ಬಗ್ಗಲಿಲ್ಲ. ಸುತ್ತಲಿನ ಪಾಳೆಯಗಾರರೆಲ್ಲ ತಲೆಬಾಗಿದರೂ ಇವನು ಮೀಸೆ ಇಳಿಸಲಿಲ್ಲ. ಕೊನೆಗೆ ದಿಡ್ಡಿ ಬಾಗಿಲು ಕಾಯುತ್ತಿದ್ದ ತಿಮ್ಮ ಎಂಬವನು ಒಳಗಿನಿಂದ ಅಗಳಿ ತೆಗೆದುಬಿಟ್ಟ. ದಂಡು ನುಗ್ಗಿತು, ನಾಯಕ ಬಾಗಿಲಲ್ಲೇ ಕಾದಾಡಿ ಸತ್ತ. ಆ ನಾಯಕನ ಕಡೆಯವರು ಪಟೇಲರ ಮನೆಯವರು. ಆ ತಿಮ್ಮನ ಕಡೆಯವರು ನಾವು. ಊರಲ್ಲಿ ನಮ್ಮ ಮನೆಗೆ ದಿಡ್ಡಿ ಮನೆ ಎಂದೇ ಹೆಸರು.

ಸುಗ್ಗಿ ಮುಗಿದ ಮೇಲೆ ಜೋಗಿಗಳು ಬಂದು ಈ ಕತೆಯನ್ನು ಹಾಡುತ್ತಿದ್ದರು. ನಾಯಕನ ಕುದುರೆ, ನಾಯಕನ ಕತ್ತಿ, ನಾಯಕನ ಮೀಸೆ, ಅವನ ಹೆಂಡತಿ ಮುಡಿದ ಹೂವು, ಎಲ್ಲಕ್ಕೂ ಬೇಕಾದಷ್ಟು ಪದ. ನಮ್ಮ ತಿಮ್ಮನಿಗೆ ಇದ್ದದ್ದು ಒಂದೇ ಸಾಲು, ಅದೂ ಬೈಗುಳದ್ದು. ಜೋಗಿ ಆ ಸಾಲಿಗೆ ಬಂದಾಗ ಜನ ಒಂದು ಸಲ ನಮ್ಮ ಕಡೆ ತಿರುಗಿ ನೋಡಿ ಮತ್ತೆ ಹಾಡಿಗೆ ಕಿವಿ ಕೊಡುತ್ತಿದ್ದರು. ಅವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ತಾತ ಮಾತ್ರ ಏನೂ ಆಗದವನಂತೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ವಿಜಯದಶಮಿಯ ದಿನ ಊರವರೆಲ್ಲ ಸೇರಿ ಆಡುತ್ತಿದ್ದ ಕೋಟೆ ಆಟ ನಡೆಯುತ್ತಿದ್ದದ್ದು ಈ ಕತೆಯ ಮೇಲೇ. ಮೇಗಲ ಬೀದಿಯವರು ಹೆಂಗಸರು ಮಕ್ಕಳ ಸಮೇತ ಬೆಳಿಗ್ಗೆಯೇ ಕೋಟೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಕೆಳಗಲ ಬೀದಿಯವರು ದಂಡಿನವರಾಗಿ ಹೊರಗೆ ನಿಲ್ಲಬೇಕು. ಒಳಗಿರುವವರು ಬಾಗಿಲು ತೆಗೆಯುವ ತನಕ ಹನಿ ನೀರು ಮುಟ್ಟುವಂತಿಲ್ಲ. ಪಟೇಲರು ನಾಯಕನ ರುಮಾಲು ಕಟ್ಟಿ, ಮನೆಯ ಹಳೇ ಕತ್ತಿ ಹಿಡಿದು ಬುರುಜಿನ ಕೆಳಗೆ ಕೂರುತ್ತಿದ್ದರು. ಹೊತ್ತು ವಾಲಿದ ಮೇಲೆ ನಮ್ಮ ಮನೆಯ ಯಜಮಾನ ಎದ್ದು ಹೋಗಿ ಅಗಳಿ ತೆಗೆಯಬೇಕು. ತೆಗೆದ ಕೂಡಲೇ ಹೊರಗಿನವರು, ಒಳಗಿನವರು ಎಲ್ಲ ಸೇರಿ ಅವನ ಮೇಲೆ ಸಗಣಿ ಉಂಡೆ, ಬೇವಿನ ಸೊಪ್ಪು ಎರಚಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅಷ್ಟಾದ ಮೇಲೆ ಬಾವಿಯ ಕಟ್ಟೆಯಲ್ಲಿ ಕೂರಿಸಿ, ಸೀಗೆಪುಡಿ ಹಾಕಿ ನೀರು ಹುಯ್ದು, ಹೊಸ ಪಂಚೆ ಉಡಿಸಿ, ಊರಿನ ಮೊದಲ ತಾಂಬೂಲ ಅವನಿಗೇ ಕೊಡುತ್ತಿದ್ದರು. ಕೊಡುವವರು ಪಟೇಲರೇ. ಆಮೇಲೆ ಎಲ್ಲರಿಗೂ ಒಬ್ಬಟ್ಟು.

ತಾತ ಈ ಕೆಲಸವನ್ನು ತನ್ನ ಪ್ರಾಯದಿಂದ ಮಾಡಿಕೊಂಡು ಬಂದಿದ್ದ. "ಕಣ್ಣು ಮುಚ್ಕಬೇಕು, ಬಾಯಿ ಬಿಗೀ ಹಿಡೀಬೇಕು, ಅಷ್ಟೇ ಕಣವ್ವ. ಸಗಣಿ ಏನ್ ಮಾಡ್ತದೆ? ದಿನಾ ನೆಲ ಸಾರ್ಸೋದು ಅದ್ರಲ್ಲೇ ಅಲ್ವಾ?" ಎಂದು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಎರಚುವವರ ಮುಖ ನೋಡುತ್ತಿದ್ದೆ. ಕೆಲವರು ಆಟಕ್ಕೆಂದು ಎರಚುತ್ತಿದ್ದರು. ಕೆಲವರು ಮನಸ್ಸಿಟ್ಟು ಎರಚುತ್ತಿದ್ದರು.

ದೊಡ್ಡವರ ಆಟ ವರ್ಷಕ್ಕೊಂದು ದಿನ. ನಮ್ಮ ಮಕ್ಕಳ ಕೋಟೆ ಆಟ ಮಹಾಲಯದ ಹೊತ್ತಿಗೇ ಶುರು. ಆ ದಿನಗಳಲ್ಲಿ ಹೊಲದಲ್ಲಿ ಕಳ್ಳೇಕಾಯಿ ಕೀಳುತ್ತಿದ್ದರು, ಹಸಿ ಬಳ್ಳಿಯ ವಾಸನೆ ಬೀದಿಯವರೆಗೂ ಬರುತ್ತಿತ್ತು. ಬದುಗಳ ಮೇಲೆ ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟಿರುತ್ತಿತ್ತು. ಗುಡ್ಡದಲ್ಲಿ ಸೀತಾಫಲ ಕಣ್ಣು ಬಿಡುತ್ತಿತ್ತು. ಕಿತ್ತು ತಂದು ರಾಗಿ ವಾಡೆಯಲ್ಲಿ ಹುದುಗಿಸಿಟ್ಟು, ಹಣ್ಣಾಯಿತೇ ಎಂದು ಗಳಿಗೆಗೊಂದು ಸಲ ಕೈ ಹಾಕಿ ಹಿಸುಕಿ, ಕೊನೆಗೆ ಹಣ್ಣಾಗುವ ಮೊದಲೇ ಕೆಡಿಸುತ್ತಿದ್ದೆ. ಒಂದು ಕಡೆ ಕೂತು ಕಾಯುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. ಅವ್ವ, "ಇವಳ ಅಂಗಾಲಿಗೆ ಕೆಂಡ ಅಂಟೈತೆ" ಎನ್ನುತ್ತಿದ್ದಳು.

ಆಟದಲ್ಲಿ ಭದ್ರ ನಾಯಕ. ಅವನು ಪಟೇಲರ ಮೊಮ್ಮಗ, ನನಗಿಂತ ಒಂದು ಗೇಣು ಕುಳ್ಳ. ಮರ ಹತ್ತಲು ಬರುತ್ತಿರಲಿಲ್ಲ, ಕವಣೆ ಬೀಸಿದರೆ ಕಲ್ಲು ಅವನ ಹಿಂದೆಯೇ ಬೀಳುತ್ತಿತ್ತು. ಆದರೂ ಅವನೇ ನಾಯಕ. ಕೈಯಲ್ಲೊಂದು ಬೆತ್ತ, ತಲೆಗೊಂದು ಕೆಂಪು ವಸ್ತ್ರ. ನಾನು ಅಗಳಿ ತೆಗೆಯುವವಳು.

"ಒಂದೇ ಒಂದು ದಿನ ನಾನ್ ಆಯ್ತೀನಿ ಕೊಡ್ಲಾ," ಎಂದು ಬೇಡಿದ್ದೆ.

"ನಿಮ್ಮನೇರು ಆಗಂಗಿಲ್ಲ ಕಣೇ. ಅದ್ರಾಗೂ ನೀನು ಹುಡುಗಿ."

"ಹುಡುಗಿ ಅಗಳಿ ತಗೀಬೌದು, ನಾಯ್ಕ ಆಗಬಾರ್ದಾ?"

"ನಿಮ್ಮನೇಲಿ ಗಂಡು ಹುಡುಗ ಇಲ್ಲ, ಅದ್ಕೆ ನಿನ್ನ ಸೇರ್ಸಿರೋದು. ಬ್ಯಾಡ ಅಂದ್ರೆ ಹೋಗು."

ಹೋಗಲು ಮನಸ್ಸಿರಲಿಲ್ಲ. ಅಗಳಿ ತೆಗೆದು ಮಣ್ಣು ಹುಯ್ಯಿಸಿಕೊಂಡು, ಮನೆಗೆ ಬಂದು ಕಾರಣವಿಲ್ಲದೆ ಕರುವಿಗೆ ಹೊಡೆಯುತ್ತಿದ್ದೆ. ನಾನು ನಾಯಕನಾಗಿದ್ದರೆ ಹುಡುಗರನ್ನು ಎಲ್ಲಿ ನಿಲ್ಲಿಸುತ್ತಿದ್ದೆ, ಬುರುಜಿನ ಮೇಲೆ ಯಾರನ್ನು ಹತ್ತಿಸುತ್ತಿದ್ದೆ, ಎಲ್ಲಿ ಕಲ್ಲು ಕೂಡಿಡಿಸುತ್ತಿದ್ದೆ ಎಂಬುದೆಲ್ಲ ನನಗೆ ಪಾಠವಾಗಿತ್ತು. ಹೇಳಿದರೆ ಕೇಳುವವರಿರಲಿಲ್ಲ.

ಆ ವರ್ಷ ತಾತನಿಗೆ ಕಣ್ಣು ಪೂರಾ ಕಾಣದಾಯಿತು. ಹೀಗಾಗಿ ಅಗಳಿ ತೆಗೆಯುವ ಸರದಿ ಅಪ್ಪನಿಗೆ ಬಂತು.

ಅಪ್ಪ ಮಧುಗಿರಿಯಲ್ಲಿ ಮಿಡ್ಲ್ ಸ್ಕೂಲು ಓದಿದವನು. ಹೊಲದ ಕೆಲಸ ಮುಗಿದರೆ ಮಧುಗಿರಿಗೆ ಹೋಗುವುದು, ಸಭೆ ಭಾಷಣ ಕೇಳುವುದು, ತಲೆಗೊಂದು ಖಾದಿ ಟೋಪಿ ಇಟ್ಟು ಬರುವುದು ಮಾಡುತ್ತಿದ್ದ. ಬಂದವನು ಜಗಲಿಯ ಮೇಲೆ ಪೇಪರು ಹರಡಿ ಗಟ್ಟಿಯಾಗಿ ಓದುತ್ತಿದ್ದ. ರಾಜರ ಕಾಲ ಮುಗಿಯಿತು, ಪ್ರಜೆಗಳ ಕಾಲ ಬರುತ್ತದೆ ಎನ್ನುತ್ತಿದ್ದ. ಎದುರಿಗೆ ಕೂತು ಕೇಳುತ್ತಿದ್ದವಳು ನಾನೊಬ್ಬಳೇ. ಅರ್ಥವಾಗದಿದ್ದರೂ ಅಪ್ಪನ ದನಿ ಏರಿದಾಗ ನನ್ನ ಮೈ ಜುಮ್ಮೆನ್ನುತ್ತಿತ್ತು.

ಒಂದು ಸಂಜೆ ಊಟಕ್ಕೆ ಕೂತಾಗ ತಾತ ಆ ಮಾತು ತೆಗೆದ. ಮುದ್ದೆ, ಹುರುಳಿ ಬಸ್ಸಾರು.

"ಈ ಸಲ ಅಗಳಿ ನೀನೇ ತಗೀಬೇಕು ರಂಗ. ನಂಗೆ ಬಾಗ್ಲು ಎಲ್ಲೈತೆ ಅಂತಾನೇ ಕಾಣಾಕಿಲ್ಲ."

ಅಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ನಾನ್ ತಗ್ಯಾಕಿಲ್ಲ ಅಪ್ಪಯ್ಯ."

"ಯಾಕ್ಲಾ?"

"ಯಾವನೋ ನಾಯ್ಕನ ಹೆಸರಲ್ಲಿ ನಮ್ಮನೇರು ಎಷ್ಟು ತಲೆಮಾರು ಸಗಣಿ ಬಡಿಸ್ಕಳೋದು? ನಂಗೆ ಮಾನ ಐತೆ. ನಾಳೆ ಈ ಕೂಸಿನ ಮದುವೆಗೆ ಮಾತು ಬಂದ್ರೆ, ಓಹೋ ದಿಡ್ಡಿ ಮನೇರಾ ಅಂತಾರೆ. ಸಾಕು."

ತಾತ ತಟ್ಟೆಯ ಅಂಚನ್ನು ಬೆರಳಿನಿಂದ ತಡವಿದ. ಆಮೇಲೆ, "ಬಾಗ್ಲು ತಗ್ಯೋನು ಒಬ್ಬ ಬೇಕು ಕಣ್ಲಾ. ಇಲ್ದಿದ್ರೆ ಒಳಗಿರೋರು ಏನ್ ಮಾಡ್ಬೇಕು?" ಎಂದ.

"ನಾಯ್ಕನೇ ತಗೀಲಿ. ಅವನ ಕೋಟೆ, ಅವನ ಬಾಗ್ಲು."

ಅವ್ವ ಸಾರು ಬಡಿಸಿದಳು. ನನಗೋ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪನ ಕಾಲಿಗೆ ಬೀಳಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಇಷ್ಟು ದಿನಕ್ಕೆ ಒಬ್ಬ ಗಂಡಸು ಹುಟ್ಟಿದ ಎಂದು ಹೆಮ್ಮೆಪಟ್ಟೆ.

ಮಾತು ಪಟೇಲರ ಕಿವಿಗೆ ಬಿತ್ತು. ಅವರೇ ನಮ್ಮ ಜಗಲಿಗೆ ಬಂದರು. ಆಳೆತ್ತರದ ಮುದುಕ, ಬೆಳ್ಳಗಿನ ಮೀಸೆ. ಬಂದವರು ಅಪ್ಪನ ಜೊತೆ ಮಾತಾಡಲಿಲ್ಲ, ತಾತನ ಪಕ್ಕ ಕೂತು ಎಲೆ ಮಡಿಚಿ ಅವನ ಕೈಗಿಟ್ಟರು.

"ನಿನ್ ಮಗ ಏನೋ ಅಂದ್ನಂತೆ."

"ಅಂದ ಪಟೇಲ್ರೇ. ವಯಸ್ಸಿನ ಹುಡುಗ."

"ಕೋಟೆ ಒಳೀಕೆ ಬರಕ್ಕಾದ್ರೂ ಬತ್ತಾನೋ ಇಲ್ವೋ?"

ಅಪ್ಪ ಬಾಗಿಲ ಸಂದಿಯಿಂದಲೇ, "ಬತ್ತೀನಿ. ನಾನೂ ಊರೋನೇ," ಎಂದ.

"ಸಾಕು ಬುಡು. ಬಂದ್ ಮ್ಯಾಕೆ ಎಲ್ಲಾ ಸರಿಹೋಯ್ತದೆ," ಎಂದು ಪಟೇಲರು ಎದ್ದರು. ಇಬ್ಬರೂ ತಾವೇ ಗೆದ್ದೆವು ಎಂದುಕೊಂಡರು.

ಮಾರನೆಯ ದಿನ ನಾನು ಭದ್ರನನ್ನು ಹುಣಸೇಮರದ ಕೆಳಗೆ ಅಡ್ಡಹಾಕಿದೆ. "ನಮ್ಮಪ್ಪ ಈ ಸಲ ಅಗಳಿ ತಗ್ಯಾಕಿಲ್ಲ."

"ತಗೀತಾನೆ. ನಮ್ ತಾತ ಅಂದ್ರು."

"ತಗೀದಿದ್ರೆ?"

ಅವನು ಮೂಗು ಒರೆಸಿಕೊಂಡು ಯೋಚಿಸಿದ. "ತಗೀದಿದ್ರೆ ಬರೋ ಮಾನೌಮಿ ಗಂಟ ನೀನೇ ನಾಯ್ಕ. ಬೆತ್ತ, ವಸ್ತ್ರ ಎರಡೂ ಕೊಡ್ತೀನಿ. ತಗುದ್ರೆ ನೀನು ಇನ್ಮೇಲೆ ಬಾಯಿ ಬಿಡಂಗಿಲ್ಲ."

ಗುಂಪಿನ ಮುಂದೆ ಆಣೆ ಇಡಿಸಿದೆ. ಹುಡುಗರೆಲ್ಲ ಕೇಳಿಸಿಕೊಂಡರು. ಅವತ್ತಿನಿಂದ ಹಬ್ಬದ ತನಕ ನನಗೆ ಅನ್ನ ಸೇರಲಿಲ್ಲ. ಅಪ್ಪ ಎಲ್ಲಿ ಮನಸ್ಸು ಬದಲಾಯಿಸುತ್ತಾನೋ ಎಂದು ಅವನ ಮುಖವನ್ನೇ ಕಾಯುತ್ತಿದ್ದೆ. ಬೀದಿಯಲ್ಲಿ ಯಾರಾದರೂ ಅವನನ್ನು ನಿಲ್ಲಿಸಿ ಮಾತಾಡಿಸಿದರೆ ಓಡಿಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅಪ್ಪ ನನ್ನ ತಲೆ ಸವರಿ, "ಏನ್ಲೇ ನಾಗೀ, ಬಾಲ ಇದ್ದಂಗೆ ಹಿಂದೇನೇ ಬತ್ತೀಯಲ್ಲ," ಎನ್ನುತ್ತಿದ್ದ. ಬೆತ್ತ ಹೇಗೆ ಹಿಡಿಯುವುದೆಂದು ಕೊಟ್ಟಿಗೆಯಲ್ಲಿ ಗುಟ್ಟಾಗಿ ಅಭ್ಯಾಸ ಮಾಡಿದೆ.

ವಿಜಯದಶಮಿಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಎಲ್ಲರೂ ಕೋಟೆಗೆ ಹೋದೆವು. ಅಪ್ಪ ಖಾದಿ ಟೋಪಿ ಇಟ್ಟಿದ್ದ. ತಾತನನ್ನು ಕೆಳಗಲ ಬೀದಿಯವರು ಕೈಹಿಡಿದು ಕರೆದೊಯ್ದು ಹೊರಗೆ, ಬಾಗಿಲೆದುರಿನ ಬಂಡೆಯ ಮೇಲೆ ಕೂರಿಸಿದರು. ಅವನು ಹೊರಗಿನವನಾಗಿ ಕೂತದ್ದು ಅದೇ ಮೊದಲು. ಬಾಗಿಲು ಹಾಕಿ, ಅಗಳಿ ಜಡಿದರು. ಪಟೇಲರು ರುಮಾಲು ಕಟ್ಟಿ ಬುರುಜಿನ ಕೆಳಗೆ ಕಂಬಳಿ ಹಾಸಿ ಕೂತರು. ಹೊರಗೆ ತಮಟೆ ಶುರುವಾಯಿತು.

ಮೊದಮೊದಲು ಚೆನ್ನಾಗಿಯೇ ಇತ್ತು. ಹೆಂಗಸರು ಸೋಬಾನೆ ಹಾಡಿದರು, ಮಕ್ಕಳು ಬುರುಜು ಹತ್ತಿ ಇಳಿದರು. ಬಿಸಿಲು ನೆತ್ತಿಗೆ ಬಂದ ಮೇಲೆ ಹಾಡು ನಿಂತಿತು. ಹಿಂದಿನ ದಿನ ಸುರಿದ ಮಳೆಗೆ ನೆಲ ಬೆಂದು ಆವಿ ಏಳುತ್ತಿತ್ತು, ಗಾಳಿ ಅನ್ನುವುದು ಎಲೆಯಷ್ಟೂ ಇರಲಿಲ್ಲ. ಕೋಟೆಯೊಳಗೆ ನೆರಳೆಂದರೆ ಗೋಡೆಯ ಬುಡದ್ದೇ. ಅಲ್ಲಿ ಹೆಂಗಸರು ಒತ್ತೊತ್ತಾಗಿ ಕೂತರು. ಊರ ಕಡೆಯಿಂದ ಹೂರಣ ಬೇಯುವ ವಾಸನೆ ಬರುತ್ತಿತ್ತು. ಯಾರೋ ಬಾವಿಯಲ್ಲಿ ನೀರು ಸೇದುತ್ತಿದ್ದ ರಾಟೆಯ ಸದ್ದು ಬೇರೆ.

ಹೊತ್ತು ವಾಲಿತು. ತಮಟೆಯ ಏಟು ಬದಲಾಯಿತು. ಅಗಳಿ ತೆಗೆಯುವ ಸಮಯ ಬಂತೆಂದು ಅರ್ಥ. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಎದ್ದ. ಅವನು ಬಾಗಿಲ ಹತ್ತಿರ ಹೋಗಿ, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತುಬಿಟ್ಟ.

"ನಾನು ತಗ್ಯಾಕಿಲ್ಲ ಪಟೇಲ್ರೇ. ಯಾರಿಗೆ ಬೇಕೋ ಅವರೇ ಬಂದು ತಗೀಲಿ."

"ನಾಯ್ಕ ಬಾಗ್ಲು ತಗ್ಯೋದುಂಟೇನೋ ರಂಗ?"

"ಹಂಗಾರೆ ಕೂತ್ಕಳಿ."

"ಕೂತ್ಕತೀನಿ," ಎಂದರು ಪಟೇಲರು. ಕತ್ತಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

ನಾನು ಭದ್ರನ ಕಡೆ ನೋಡಿದೆ. ಅವನ ಮುಖ ಇಂಗು ತಿಂದಂತಾಗಿತ್ತು. ನನಗೆ ಕುಣಿಯಬೇಕು ಅನ್ನಿಸಿತು. ನಾಳೆಯಿಂದ ನಾನು ನಾಯಕ, ನಮ್ಮಪ್ಪ ಊರಿಗೇ ನಾಯಕ.

ಅವರಿಬ್ಬರೂ ಕೂತರು. ಜನವೂ ಕೂತರು. ಒಂದಿಬ್ಬರು ಅಪ್ಪನ ಹತ್ತಿರ ಹೋಗಿ ಬೇಡಿಕೊಂಡರು. ಇನ್ನೊಬ್ಬಿಬ್ಬರು ಪಟೇಲರ ಹತ್ತಿರ ಹೋದರು. ಇಬ್ಬರೂ ತಲೆ ಅಲ್ಲಾಡಿಸಿದರು. ಹೊರಗೆ ತಮಟೆ ಬಡಿದು ಬಡಿದು ನಿಂತಿತು, ದಂಡಿನವರು ಗೋಡೆಯಾಚೆಯಿಂದ, "ಏನಾಯ್ತ್ರಪ್ಪಾ?" ಎಂದು ಕೂಗತೊಡಗಿದರು. ಅಗಳಿಗೆ ಕೈ ಹಾಕಲು ನಮ್ಮ ಮನೆಯವರನ್ನು ಬಿಟ್ಟು ಇನ್ನಾರೂ ತಯಾರಿರಲಿಲ್ಲ. ಆ ಹೆಸರು ಯಾರಿಗೆ ಬೇಕು? ಪಡುವಲ ಕಂಡಿಯಿಂದ ಎರಡು ಮೇಕೆ ಒಳಗೆ ಬಂದು, ಎಲಚಿ ಸೊಪ್ಪು ತಿಂದು, ಅದೇ ಕಂಡಿಯಿಂದ ಹೊರಗೆ ಹೋದವು. ನಾವೆಲ್ಲ ನೋಡಿದೆವು. ಬೇರೆ ದಿನ ನಾವೇ ಓಡಾಡುವ ಕಂಡಿ ಅದು. ಕೋಟೆ ಆಟದ ದಿನ ಅಲ್ಲಿಂದ ದಾಟಿದವರ ಮನೆ ಉಳಿಯುವುದಿಲ್ಲ ಎಂಬ ನಂಬಿಕೆ. ಒಬ್ಬರೂ ಆ ಕಡೆ ಹೆಜ್ಜೆ ಇಡಲಿಲ್ಲ.

ನನ್ನ ಪಕ್ಕದಲ್ಲಿ ಭದ್ರನ ತಾಯಿ ಗೌರಕ್ಕ ಕೂತಿದ್ದಳು. ಮಡಿಲಲ್ಲಿ ಎಳೆಗೂಸು, ಭದ್ರನ ತಂಗಿ. ಅದು ಆಗಿನಿಂದ ಅಳುತ್ತಿತ್ತು. ಗೌರಕ್ಕ ಎದೆಗೆ ಹಾಕಿದರೆ ಚೀಪಿ ಬಿಡುವುದು, ಮತ್ತೆ ಅಳುವುದು.

"ಹಾಲಿಲ್ಲ ಕಣಕ್ಕ," ಎಂದು ಅವ್ವನಿಗೆ ಹೇಳಿದಳು. "ಬೆಳಿಗ್ಗಿಂದ ನಂಗೇ ನೀರಿಲ್ಲ, ಹಾಲೆಲ್ಲಿಂದ ಬತ್ತದೆ?"

"ಕಂಡೀಲಿ ಯಾರ ಕೈಗಾದ್ರೂ ಕೊಟ್ಬುಡು, ಹೊರಗೆ ಒಳಲೇಲಿ ಒಂದೀಟು ಹಾಲು ಹುಯ್ತಾರೆ," ಎಂದಳು ಅವ್ವ.

ಗೌರಕ್ಕ ಮಾವನ ಕಡೆ ನೋಡಿದಳು. ಪಟೇಲರು ಕಣ್ಣು ಮುಚ್ಚಿ ಕೂತಿದ್ದರು. ಅವರ ತುಟಿ ಒಣಗಿ ಬಿರಿದಿತ್ತು, ಮೀಸೆಯ ತುದಿ ನಡುಗುತ್ತಿತ್ತು. ಗೌರಕ್ಕ ಸೆರಗಿನಿಂದ ಕೂಸಿಗೆ ಗಾಳಿ ಹಾಕಿದಳು.

ಆಮೇಲೆ ಕೂಸು ಅಳುವುದನ್ನು ನಿಲ್ಲಿಸಿತು.

ಸದ್ಯ ಸುಮ್ಮನಾಯಿತು ಎಂದು ಯಾರೋ ಅಂದರು. ನಾನು ಬಗ್ಗಿ ನೋಡಿದೆ. ಕೂಸು ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ಅರ್ಧ ತೆರೆದಿತ್ತು, ಬಾಯಿ ಬಿಟ್ಟುಕೊಂಡಿತ್ತು, ದನಿ ಮಾತ್ರ ಹೊರಡುತ್ತಿರಲಿಲ್ಲ. ಗೌರಕ್ಕ ಅದರ ಕೆನ್ನೆ ತಟ್ಟಿದಳು. "ಅಮ್ಮಣ್ಣೀ, ಏ ಅಮ್ಮಣ್ಣೀ," ಎಂದು ಮೆಲ್ಲಗೆ ಕರೆದಳು. ಅಷ್ಟು ಮೆಲ್ಲಗೆ ಏಕೆ ಕರೆಯುತ್ತಾಳೆ ಎಂದು ನನಗೆ ಸಿಟ್ಟು ಬಂತು. ಜೋಗಿಯ ಹಾಡಿನಲ್ಲಿ ಕುದುರೆಗೆ ಕುಡಿಸಿದ ನೀರಿನ ಮಾತಿತ್ತು. ಕೋಟೆಯೊಳಗಿನ ಜನ ಏನು ಕುಡಿಯುತ್ತಿದ್ದರು ಎಂಬ ಮಾತು ಎಲ್ಲೂ ಇರಲಿಲ್ಲ. ಇದು ನನಗೆ ಆಗ, ಅಲ್ಲಿ ಕೂತಾಗಲೇ ಹೊಳೆದದ್ದು.

ನಾನು ಎದ್ದು ಬಾಗಿಲಿಗೆ ಹೋದೆ. ಅಪ್ಪ ಕಣ್ಣೆತ್ತಿದ.

"ಏನವ್ವಾ?"

"ಏಳಪ್ಪ. ಬಾಗ್ಲು ತಗೀಬೇಕು."

ಅವನಿಗೆ ಮೊದಲು ನಗು ಬಂತು. ಆಮೇಲೆ ನನ್ನ ಮುಖ ನೋಡಿ ನಗು ನಿಂತಿತು. "ಹೋಗು, ಅವ್ವನತ್ರ ಕೂತ್ಕ. ಇದು ನಿಂಗೆ ತಿಳಿಯಾಕಿಲ್ಲ. ಇವತ್ತು ನಾವು ಸೋತ್ರೆ ಯಾವತ್ತೂ ಸೋತಂಗೆ."

"ಏಳಪ್ಪ," ಎಂದೆ ಮತ್ತೆ. ಅವನು ಏಳಲಿಲ್ಲ. ನಾನು ಅವನ ತಲೆಯ ಮೇಲಿಂದಲೇ ಕೈ ಚಾಚಿ ಅಗಳಿ ಹಿಡಿದೆ. ನಮ್ಮ ಮಕ್ಕಳಾಟದ ಅಗಳಿ ಕೋಲಿನದು, ಇದು ಹೊನ್ನೆಮರದ್ದು. ಒಂದು ತುದಿ ಎದ್ದರೆ ಇನ್ನೊಂದು ತುದಿ ಕಚ್ಚಿಕೊಳ್ಳುತ್ತಿತ್ತು. ಜನ ಎದ್ದು ನಿಂತರು, ಹತ್ತಿರ ಯಾರೂ ಬರಲಿಲ್ಲ. ಬಂದವನು ಭದ್ರ. ಇನ್ನೊಂದು ತುದಿಗೆ ಕೈ ಕೊಟ್ಟು ಪಿಸುಗುಟ್ಟಿದ.

"ತಗುದ್ರೆ ನೀನು ನಾಯ್ಕ ಆಗಾಕಿಲ್ಲ ಕಣೇ."

"ಗೊತ್ತು. ಎತ್ತು."

ಅಪ್ಪ ನನ್ನ ಕೈ ಹಿಡಿದು ಎಳೆಯಬಹುದಿತ್ತು. ಎಳೆಯಲಿಲ್ಲ. ಕೂತವನು ಎದ್ದು ಪಕ್ಕಕ್ಕೆ ಸರಿದ. ಅಗಳಿ ನೆಲಕ್ಕೆ ಬಿತ್ತು, ಬಾಗಿಲು ಕಿರ್ರೆಂದು ತೆರೆಯಿತು. ನನ್ನನ್ನು ತಳ್ಳಿಕೊಂಡೇ ಗೌರಕ್ಕ ಕೂಸೆತ್ತಿಕೊಂಡು ಬಾವಿಯ ಕಡೆ ಓಡಿದಳು. ಅವಳ ಹಿಂದೆ ಅವ್ವ.

ಹೊರಗಿನವರ ಕೈಯಲ್ಲಿ ಸಗಣಿ ಉಂಡೆ ತಯಾರಿತ್ತು. ಬಾಗಿಲಲ್ಲಿ ನಿಂತದ್ದು ಲಂಗ ಉಟ್ಟ ಹುಡುಗಿ. ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಟ್ಟವು. ಬಂಡೆಯ ಮೇಲೆ ಕೂತ ತಾತ ಮುಖ ಎತ್ತಿ ಕೇಳಿದ:

"ಬಾಗ್ಲು ಸದ್ದಾಯ್ತು. ಯಾರು ತಗ್ದಿದ್ದು, ರಂಗನಾ?"

"ಅಲ್ಲ, ನಿನ್ ಮೊಮ್ಮಗಳು," ಎಂದರು ಯಾರೋ.

ತಾತ ಪಕ್ಕದವನ ಮುಂದೆ ಕೈ ಚಾಚಿ, "ಇಲ್ಲಿ ಕೊಡ್ಲಾ ಒಂದುಂಡೆ," ಎಂದ. ತಡವರಿಸಿ ಎದ್ದು ನಿಂತು ಸದ್ದು ಬಂದ ಕಡೆ ಬೀಸಿದ. ಅದು ನನಗೆ ತಾಗಲಿಲ್ಲ, ಗೋಡೆಗೆ ಬಿತ್ತು. "ಕಣ್ಣು ಮುಚ್ಕ ಕೂಸೇ, ಬಾಯಿ ಬಿಗೀ ಹಿಡಿ," ಎಂದು ಕೂಗಿದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಗ ಉಳಿದವರೂ ಎರಚಿದರು. ನಾನು ಕಣ್ಣು ಮುಚ್ಚಿದೆ, ಬಾಯಿ ಬಿಗಿಹಿಡಿದೆ. ಸಗಣಿ ತಣ್ಣಗಿತ್ತು. ಬೈದವರು ಕಡಿಮೆ.

ಬಾವಿಯ ಕಟ್ಟೆಯಲ್ಲಿ ಕೂರಿಸಿ ನೀರು ಹುಯ್ದವಳು ಗೌರಕ್ಕನೇ. ಆ ಹೊತ್ತಿಗೆ ಅವಳು ತಾನು ಒಂದು ಕೊಡದಷ್ಟು ನೀರು ಕುಡಿದು, ಕೂಸಿಗೆ ಬಟ್ಟೆಯ ಬತ್ತಿಯಲ್ಲಿ ಹಾಲು ಚೀಪಿಸಿ, ಅವ್ವನ ಮಡಿಲಿಗೆ ಕೊಟ್ಟು ಬಂದಿದ್ದಳು. ಕೂಸು ಹಿಂದಿಗಿಂತ ಜೋರಾಗಿ ಅಳುತ್ತಿತ್ತು. ಗೌರಕ್ಕ ಸೀಗೆಪುಡಿ ಹಾಕಿ ನನ್ನ ತಲೆಯನ್ನು ಎರಡೆರಡು ಸಲ ಉಜ್ಜಿದಳು. ಪಟೇಲರನ್ನು ಇಬ್ಬರು ಹಿಡಿದುಕೊಂಡು ಕರೆತಂದರು. ನೀರು ಕುಡಿದು, ರುಮಾಲು ಸರಿಮಾಡಿಕೊಂಡು, ಮೊದಲ ತಾಂಬೂಲವನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು. ಹೆಣ್ಣುಮಗಳಿಗೆ ಅದು ಬಂದದ್ದು ಅದೇ ಮೊದಲು. "ತಗೋ ತಾಯೀ," ಎಂದರು. ಅವರು ನನ್ನ ಜೊತೆ ಆಡಿದ ಮೊದಲ ಮಾತೂ ಅದೇ.

ಎಲೆ ಅಡಿಕೆ ಹಿಡಿದು ಅಪ್ಪನಿಗಾಗಿ ಸುತ್ತ ನೋಡಿದೆ. ಅವನು ಅಲ್ಲಿರಲಿಲ್ಲ. ನಾನು ತೆಗೆದ ಬಾಗಿಲಲ್ಲಿ ಅವನು ಹೊರಗೆ ಬರಲೇ ಇಲ್ಲವಂತೆ. ಎಲ್ಲರೂ ನೋಡುತ್ತಿದ್ದ ಹಾಗೆಯೇ ಪಡುವಲ ಕಂಡಿಯಿಂದ ದಾಟಿ, ಹುಚ್ಚೆಳ್ಳು ಹೊಲದ ಬದುವಿನ ಮೇಲೆ ನಡೆದು, ಮಧುಗಿರಿ ದಾರಿ ಹಿಡಿದನಂತೆ.

ಅಪ್ಪ ಹದಿನೈದು ದಿನಕ್ಕೋ ತಿಂಗಳಿಗೋ ಬಂದು ಹೋಗುವವನಾದ. ಮಧುಗಿರಿಯಲ್ಲೇ ಉಳಿದ, ಚಳವಳಿ ಎಂದು ಜೈಲಿಗೆ ಹೋದ, ಬಿಡುಗಡೆಯಾಗಿ ಬಂದಾಗ ಜನ ಹಾರ ಹಾಕಿದರು. ಆಮೇಲೆ ದೊಡ್ಡ ಮನುಷ್ಯನಾದ. ಸಭೆಗಳಲ್ಲಿ ಅವನ ದನಿ ಏರಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಮೇಲೆ ರೇಗಲಿಲ್ಲ, ಬೈಯಲಿಲ್ಲ. ಚೆನ್ನಾಗಿ ಓದಿಸಿದ, ಮದುವೆ ಮಾಡಿಸಿದ. ಆದರೆ ಜಗಲಿಯ ಮೇಲೆ ಎದುರಿಗೆ ಕೂರಿಸಿಕೊಂಡು ಪೇಪರು ಓದುವುದನ್ನು ನಿಲ್ಲಿಸಿದ. ನಾನು ಹೋಗಿ ಕೂತರೆ ಪೇಪರು ಮಡಿಚುತ್ತಿದ್ದ. ಆ ಮಡಿಚುವ ಸದ್ದು ಸಗಣಿಗಿಂತ ಹೆಚ್ಚು ನೋವು ಕೊಟ್ಟಿತು ನನಗೆ.

ಕೋಟೆ ಆಟ ಮುಂದಿನ ವರ್ಷ ನಡೆಯಲಿಲ್ಲ. ಪಟೇಲರು ತೀರಿಕೊಂಡರು, ತಾತನೂ ಹೋದ. ದಿಡ್ಡಿ ಮನೆಯಲ್ಲಿ ಗಂಡಸಿಲ್ಲ ಎಂದು ಊರವರು ಬಿಟ್ಟರು. ನಾನೇ ಬರುತ್ತೇನೆ ಎಂದು ಯಾರಿಗಾದರೂ ಹೇಳಿದ್ದರೆ ಏನಾಗುತ್ತಿತ್ತೋ, ನನ್ನನ್ನು ಯಾರೂ ಕೇಳಲಿಲ್ಲ. ಮಕ್ಕಳ ಆಟವೂ ಅದರ ಜೊತೆಗೇ ಹೋಯಿತು. ಕೋಟೆಯ ಕಲ್ಲು ಒಂದೊಂದಾಗಿ ಊರಿನ ಕೊಟ್ಟಿಗೆಗಳಿಗೆ, ಆಮೇಲೆ ರಸ್ತೆಗೆ ಸೇರಿದವು. ಬಾಗಿಲನ್ನು ಯಾರು ಒಯ್ದರೋ ತಿಳಿಯದು. ಆ ಜಾಗದಲ್ಲಿ ನಿಂತರೆ ಒಳಗೆ ಯಾವುದು, ಹೊರಗೆ ಯಾವುದು ಎಂದು ಈಗ ಹೇಳಲಾಗುವುದಿಲ್ಲ. ಊರಲ್ಲಿ ಓಟಿನ ಜಗಳ ಹತ್ತಿದಾಗಲೆಲ್ಲ ಎರಡು ಕಡೆಯವರೂ ಹಟ ಹಿಡಿದು ಕೂರುತ್ತಾರೆ. ಸೋಲು ತನಗಿರಲಿ ಎಂದು ಎದ್ದು ಹೋಗುವವನಿಗೆ ಮೊದಲ ತಾಂಬೂಲ ಕೊಡುವ ರೂಢಿ ನಮ್ಮಲ್ಲಿತ್ತು ಎಂದರೆ ಹುಡುಗರು ನಗುತ್ತಾರೆ.

ಅಪ್ಪ ಕೊನೆಗಾಲದಲ್ಲಿ ನನ್ನ ಮನೆಯಲ್ಲೇ ಇದ್ದ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಲೋಟ ಪಕ್ಕಕ್ಕೆ ಸರಿಸಿ, ಹಿಂದೆ ಮುಂದೆ ಏನೂ ಇಲ್ಲದೆ ಕೇಳಿದ.

"ಅವತ್ತು ನೀನ್ಯಾಕವ್ವ ತಗ್ದೆ? ಇನ್ನೊಂದು ಗಳಿಗೆ ತಡೆದಿದ್ರೆ ಪಟೇಲ್ರೇ ಎದ್ದು ಬತ್ತಿದ್ರು."

ಇಷ್ಟು ವರ್ಷ ಅವನು ಅದನ್ನು ಎದೆಯಲ್ಲಿಟ್ಟುಕೊಂಡಿದ್ದ ಎಂದು ನನಗೆ ಗೊತ್ತೇ ಇರಲಿಲ್ಲ. ಮಗಳು ತನ್ನನ್ನು ನಂಬಲಿಲ್ಲ ಎಂದುಕೊಂಡೇ ಅಷ್ಟು ಕಾಲ ಕಳೆದಿದ್ದ.

"ಕೂಸು ಅಳೋದು ನಿಲ್ಲಿಸ್ಬುಡ್ತಲ್ಲಪ್ಪ, ಗೌರಕ್ಕನ ಕೂಸು. ನಂಗೆ ಭಯ ಆಯ್ತು."

ಅಪ್ಪ ನನ್ನ ಮುಖ ನೋಡಿದ.

"ಅಲ್ಲಿ ಕೂಸು ಅಳ್ತಿತ್ತಾ?" ಎಂದು ಕೇಳಿದ.